ಒಂದೇ ಕೊಟ್ಟಿಗೆಯಲ್ಲಿ ದೊಡ್ಡ ತಳಿ, ಗಿಡ್ಡ ತಳಿ

ಎಚ್.ಎಫ್. ಅಥವಾ ಜರ್ಸಿ ಮಿಶ್ರತಳಿಯ ಹಸುಗಳಿರುವ ಮನೆಗಳಲ್ಲಿ ಈಚೆಗೆ ಒಂದು ನಾಟಿ ಹಸುವನ್ನೂ ತಂದು ಕಟ್ಟುವ ಒಲವು ಬೆಳೆದಿದೆ. ಡೇರಿಗೆ ಹಾಕುವ ಹಾಲು ಮೊದಲಿನವುಗಳದು, ಮನೆಯ ಮಜ್ಜಿಗೆ-ತುಪ್ಪಕ್ಕೆ ಇದರದು ಎಂಬುದು ಮನೆಯವರ ಲೆಕ್ಕ. ಒಲವೇನೋ ಒಳ್ಳೆಯದೇ. ಆದರೆ ಮೈಕಟ್ಟು, ಕೊಂಬು, ಹಸಿವು, ರೋಗ ತಾಳುವ ಶಕ್ತಿ ಇವೆಲ್ಲ ಬೇರೆ ಬೇರೆಯಾದ ದನಗಳನ್ನು ಒಂದೇ ಸೂರಿನಡಿ ತರುವಾಗ ಗೂಟವೊಂದನ್ನು ಹೆಚ್ಚಿಗೆ ನೆಟ್ಟರೆ ಸಾಲದು.

ಮಲೆನಾಡು ಗಿಡ್ಡದ ಎತ್ತರ ಸುಮಾರು 3 ಅಡಿ, ತೂಕ ಸುಮಾರು 100 ಕಿಲೋ. ಎಚ್.ಎಫ್. ಮಿಶ್ರತಳಿಯ ಹಸು ಇದರ ನಾಲ್ಕು ಪಾಲು ತೂಗುವುದುಂಟು. ಆದ್ದರಿಂದ ದೊಡ್ಡದು ಚಿಕ್ಕದನ್ನು ತುಳಿದೀತೆಂದು ಜನ ಅಂಜುತ್ತಾರೆ. ಕೊಟ್ಟಿಗೆಯ ಯಜಮಾನಿಕೆ ಮಾತ್ರ ತೂಕವೊಂದರಿಂದಲೇ ತೀರ್ಮಾನವಾಗುವುದಿಲ್ಲ. ವಯಸ್ಸು, ಕೊಂಬು, ಮೊದಲಿನಿಂದ ಇದ್ದವರ ಹಕ್ಕು ಇವೂ ಸೇರುತ್ತವೆ. ಕೊಂಬು ಸುಡಿಸಿಕೊಂಡ ಎಚ್.ಎಫ್. ಹಸು ಹಳ್ಳಿಕಾರ್ ಹಸುವಿನ ಉದ್ದನೆಯ ಚೂಪು ಕೊಂಬಿನ ಮುಂದೆ ಹಿಂದೆ ಸರಿದು ನಿಲ್ಲುತ್ತದೆ. ಗಬ್ಬದ ಹಸುವಿನ ಹೊಟ್ಟೆಗೆ ಹಾಯ್ದರೆ ಕರು ಕಳೆದುಹೋಗಬಹುದು. ಕೆಚ್ಚಲಿಗೆ ತಗುಲಿದರೆ ಸಾಲ ಮಾಡಿ ತಂದ ಹಸು ಒಂದು ಮೊಲೆಯನ್ನೇ ಕಳೆದುಕೊಳ್ಳಬಹುದು. ಕೊಂಬಿನ ದನವನ್ನು ಸಾಲಿನ ಕೊನೆಯಲ್ಲಿ, ನಡುವೆ ಒಂದು ಅಡ್ಡಗಳು ಕಟ್ಟಿ ನಿಲ್ಲಿಸುವುದು ಕ್ಷೇಮ. ಕಣ್ಣಿಯ ಉದ್ದ ಪಕ್ಕದ ಹಸುವನ್ನು ಮುಟ್ಟದಷ್ಟೇ ಇರಲಿ. ಮಿಶ್ರತಳಿಯ ಕರುವಿಗೆ ಕೊಂಬಿನ ಮೊಳಕೆಯನ್ನು ಸುಡಿಸುವುದಾದರೆ ಮೊದಲ ಎರಡು ಮೂರು ವಾರಗಳಲ್ಲಿಯೇ ಪಶುವೈದ್ಯರಿಂದ ಮಾಡಿಸಬೇಕು. ದೊಡ್ಡದಾದ ಮೇಲೆ ಕೊಂಬು ಕತ್ತರಿಸುವುದು ಪ್ರಾಣಿಗೆ ಬಹಳ ಹಿಂಸೆ.

ಹೊಸದಾಗಿ ತಂದ ಹಸುವನ್ನು ಸಂತೆಯಿಂದ ನೇರವಾಗಿ ಹಿಂಡಿನೊಳಗೆ ಬಿಡಬಾರದು. ಮೂರು ನಾಲ್ಕು ವಾರ ಬೇರೆ ಕಡೆ ಕಟ್ಟಿ, ಅನಂತರ ಒಂದನ್ನೊಂದು ನೋಡುವಷ್ಟು ದೂರದಲ್ಲಿ ಕೆಲವು ದಿನ ನಿಲ್ಲಿಸಿ, ಬಯಲಿನಲ್ಲಿ ಮೊದಲ ಭೇಟಿ ಮಾಡಿಸಬೇಕು. ಇಕ್ಕಟ್ಟಿನಲ್ಲಿ ಸೋತ ದನಕ್ಕೆ ಓಡಲು ದಾರಿಯಿರುವುದಿಲ್ಲ. ಈ ದಿನಗಳಲ್ಲಿ ಹಾಲು ತುಸು ಇಳಿದರೆ ಗಾಬರಿ ಬೇಡ.

ಬೇರೆ ಕಟ್ಟುವುದಕ್ಕೆ ಇನ್ನೊಂದು ಕಾರಣವಿದೆ. ಅದು ಕೊಂಬಿಗಿಂತ ದೊಡ್ಡದು. ನಾಟಿ ಹಸು ಮೈಮೇಲೆ ಉಣ್ಣೆಗಳನ್ನು ಹೊತ್ತೂ ಗಟ್ಟಿಯಾಗಿಯೇ ಓಡಾಡುತ್ತಿರುತ್ತದೆ. ಅದರ ರಕ್ತದಲ್ಲಿ ಅಡಗಿರುವ ಥೈಲೇರಿಯಾ ರೋಗಾಣು ಉಣ್ಣೆಯ ಮೂಲಕ ಮಿಶ್ರತಳಿಯ ಹಸುವನ್ನು ಸೇರಿದರೆ ಜೋರು ಜ್ವರ, ಹೆಗಲ ಮುಂದಿನ ಗಂಟಿನ ಊತ, ರಕ್ತಹೀನತೆ ಕಾಣಿಸಿಕೊಂಡು, ತಡಮಾಡಿದರೆ ಹಸು ಉಳಿಯುವುದಿಲ್ಲ. ನೆರೆಹೊರೆಯವರು ದೃಷ್ಟಿ ತಗುಲಿತೆಂದು ನಿವಾಳಿಸುತ್ತಾ ಕೂತರೆ ಒಳ್ಳೆಯ ಔಷಧಿ ಸಿಗುವ ಹೊತ್ತೂ ಕಳೆದುಹೋಗುತ್ತದೆ. ಹೊಸ ಹಸುವಿನ ಉಣ್ಣೆ ಬಿಡಿಸಿ, ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಮುಚ್ಚಿಸಿ, ಆಮೇಲೆಯೇ ಸಾಲಿಗೆ ಸೇರಿಸಬೇಕು. ಕಾಲುಬಾಯಿ ರೋಗದ ಲಸಿಕೆಯನ್ನಂತೂ ಎರಡೂ ತಳಿಗೆ ಹಾಕಿಸತಕ್ಕದ್ದು. 2022ರಲ್ಲಿ ಚರ್ಮಗಂಟು ರೋಗ ನಾಡಿನುದ್ದಕ್ಕೂ ಹಬ್ಬಿದಾಗ ನಾಟಿ ದನಗಳಿಗೂ ಬಿಡುವು ಸಿಕ್ಕಲಿಲ್ಲವೆಂಬುದು ಅನೇಕರ ನೆನಪಿನಲ್ಲಿದೆ.

ಇನ್ನು ಮೇವು. ಒಣ ಅಂಶದ ಲೆಕ್ಕದಲ್ಲಿ 100 ಕಿಲೋ ಮೈತೂಕಕ್ಕೆ ನಾಟಿ ಹಸುವಿಗೆ 2ರಿಂದ 2.5 ಕಿಲೋ, ಮಿಶ್ರತಳಿಗೆ 2.5ರಿಂದ 3 ಕಿಲೋ ಬೇಕು. ಹಾಲು ಕೊಡುವ ಮಿಶ್ರತಳಿಗೆ ಪ್ರತಿ 2.5 ಲೀಟರಿಗೆ ಸುಮಾರು 1 ಕಿಲೋ ಹಿಂಡಿ-ಬೂಸಾ ಹೆಚ್ಚಿಗೆ. ಒಂದೇ ಗೋದಲಿಯಲ್ಲಿ ಎಲ್ಲಕ್ಕೂ ಸುರಿದರೆ ಗಿಡ್ಡ ಹಸು ತನಗಲ್ಲದ್ದನ್ನು ಮುಕ್ಕಿ ಹೊಟ್ಟೆ ಕೆಡಿಸಿಕೊಳ್ಳುತ್ತದೆ, ದೊಡ್ಡದು ಹಸಿದು ಬಡವಾಗುತ್ತದೆ. ಮದುವೆ, ದಾಸೋಹಗಳ ಮರುದಿನ ಉಳಿದ ಅನ್ನವನ್ನು ಬುಟ್ಟಿಗಟ್ಟಲೆ ದನಗಳ ಮುಂದೆ ಸುರಿಯುವ ರೂಢಿಯೂ ನಮ್ಮಲ್ಲಿದೆ. ಅನ್ನ ಚೆಲ್ಲಬಾರದೆಂಬ ಭಾವನೆ ಸರಿಯಾದದ್ದೇ. ಆದರೆ ಹೆಚ್ಚಾದ ಅನ್ನ ಹೊಟ್ಟೆಯಲ್ಲಿ ಹುಳಿತು, ಮೆಲುಕು ನಿಂತು ದನ ಸತ್ತುಹೋಗುವುದೂ ಉಂಟು. ಆ ಅಪಾಯ 100 ಕಿಲೋ ಹಸುವಿಗೆ ಎಷ್ಟು ಬೇಗ ಬರುತ್ತದೆಂಬುದನ್ನು ಊಹಿಸಿಕೊಳ್ಳಿ. ಗಿಡ್ಡಕ್ಕೆ ಬೇರೆ, ತಗ್ಗಾದ ಗೋದಲಿಯನ್ನೇ ಕಟ್ಟಿಸಬೇಕು.

ಕೊನೆಯದಾಗಿ ಬೆದೆಯ ವಿಷಯ. ಹಾಲಿನ ಆಸೆಗೆ ಗಿಡ್ಡ ಕಡಸಿಗೆ ಎಚ್.ಎಫ್. ಹೋರಿಯ ವೀರ್ಯ ಕೊಡಿಸಿದರೆ ಕರು ತಾಯಿಯ ಸೊಂಟಕ್ಕಿಂತ ದೊಡ್ಡದಾಗಿ ಬೆಳೆದು, ಹೆರಿಗೆಯಲ್ಲಿ ಸಿಕ್ಕಿಕೊಂಡು ತಾಯಿ ಕರು ಎರಡೂ ಹೋದ ಸಂಗತಿಗಳು ಇವೆ. ಮನೆಯಲ್ಲಿ ಗಂಡಸರಿಲ್ಲದ ವೇಳೆ ಕೃತಕ ಗರ್ಭಧಾರಣೆಗೆ ಬಂದವರನ್ನು ಕೊಟ್ಟಿಗೆಗೆ ಕರೆದೊಯ್ಯುವವರು ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳು. ಯಾವ ಹಸು ಬೆದೆಗೆ ಬಂದಿದೆ, ಅದು ಯಾವ ತಳಿ ಎಂದು ಅವರು ಮೊದಲೇ ಹೇಳಬೇಕು. ವೀರ್ಯನಳಿಕೆಯ ಮೇಲೆ ಮುದ್ರಿಸಿರುವ ತಳಿಯ ಹೆಸರನ್ನು ಓದಿಸಿ ಕೇಳಬೇಕು. ಗಿಡ್ಡಕ್ಕೆ ಗಿಡ್ಡದ್ದು ಸಿಗದಿದ್ದರೆ ಆ ಬೆದೆಯನ್ನು ಬಿಟ್ಟುಬಿಡಿ. ಸುಮಾರು 21 ದಿನಕ್ಕೆ ಅದು ಮತ್ತೆ ಬರುತ್ತದೆ.