ಬೈಕಿನ ಹಿಂದೆ ಟ್ರೈಲರ್: ಉಳಿತಾಯಕ್ಕಿಂತ ಹೊಣೆ ದೊಡ್ಡದು

ತರಕಾರಿ, ಕುಡಿಯುವ ನೀರಿನ ಕ್ಯಾನ್, ಹಾರ್ಡ್‌ವೇರ್ ಸಾಮಗ್ರಿಗಳು ಅಂಗಡಿಯಿಂದ ಗ್ರಾಹಕರ ಮನೆ ತಲುಪುವುದು ಅನೇಕ ವೇಳೆ ಮೋಟಾರ್ ಸೈಕಲ್ಲಿನ ಮೇಲೆಯೇ. ಗೂಡ್ಸ್ ಆಟೋ ಕೊಳ್ಳುವ ಬಂಡವಾಳವಿಲ್ಲದ ಸಣ್ಣ ವ್ಯಾಪಾರಿಗೆ, ಇರುವ ಬೈಕಿನ ಹಿಂದೆಯೇ ಪುಟ್ಟದೊಂದು ಟ್ರೈಲರ್ ಮಾಡಿಸಿ ಕಟ್ಟಿಕೊಳ್ಳುವ ಆಲೋಚನೆ ಬರುವುದು ಸಹಜ. ವೆಲ್ಡಿಂಗ್ ಶಾಪ್‌ಗಳಿಗೂ ಇದು ಸುಲಭದ ಕೆಲಸ. ಆದರೆ ಖರ್ಚಿನ ಲೆಕ್ಕ ಹಾಕುವಾಗ ಹೊಣೆಗಾರಿಕೆಯ ಲೆಕ್ಕವನ್ನೂ ಹಾಕುವುದು ಅಗತ್ಯ.

1988ರ ಮೋಟಾರು ವಾಹನ ಕಾಯ್ದೆಯು ಮೋಟಾರ್ ಸೈಕಲ್ಲಿನ ವ್ಯಾಖ್ಯೆಯಲ್ಲಿ ಸೈಡ್‌ಕಾರನ್ನು ಸೇರಿಸಿದೆ, ಟ್ರೈಲರನ್ನು ಸೇರಿಸಿಲ್ಲ. ಟ್ರೈಲರ್ ಕಾಯ್ದೆಯ ಪ್ರಕಾರ ತಾನೇ ಒಂದು ಮೋಟಾರು ವಾಹನ. ಆದ್ದರಿಂದ ನೋಂದಣಿ ಮತ್ತು ವಿಮೆಯ ಪ್ರಶ್ನೆ ಅದಕ್ಕೂ ಅನ್ವಯಿಸುತ್ತದೆ. ಕೈಗೆ ಸಿಕ್ಕ ಬಿಡಿಭಾಗಗಳಿಂದ ಕಟ್ಟಿದ ‘ಜುಗಾಡ್’ ವಾಹನಗಳೂ ಕಾಯ್ದೆಯ ವ್ಯಾಪ್ತಿಗೇ ಬರುತ್ತವೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹೇಳಿತು. ತಯಾರಕರ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರಲ್ಲಿ ಸ್ಪಷ್ಟಪಡಿಸಿತು. ವಿಮೆಯಿಲ್ಲದ ಟ್ರೈಲರಿನಿಂದ ದಾರಿಹೋಕನೊಬ್ಬನಿಗೆ ಪೆಟ್ಟಾದರೆ ಪರಿಹಾರದ ಭಾರ ಮಾಲೀಕನ ಮೇಲೆ ಬೀಳುತ್ತದೆ. ಹಲವು ವರ್ಷಗಳ ಲಾಭ ಒಂದೇ ಅಪಘಾತದಲ್ಲಿ ಕರಗಿಹೋಗಬಹುದು.

ತಾಂತ್ರಿಕ ಕಾರಣಗಳೂ ಕಡಿಮೆ ಗಂಭೀರವಲ್ಲ. ತಿರುವಿನಲ್ಲಿ ಬೈಕ್ ಪಕ್ಕಕ್ಕೆ ವಾಲುತ್ತದೆ, ಎರಡು ಚಕ್ರದ ಟ್ರೈಲರ್ ವಾಲುವುದಿಲ್ಲ. ಈ ವ್ಯತ್ಯಾಸಕ್ಕೆ ಆಸ್ಪದ ಕೊಡದ ಕೊಂಡಿ ಸವಾರನ ಹತೋಟಿಯನ್ನೇ ಕಸಿಯುತ್ತದೆ. ಭಾರವೆಲ್ಲ ಅಚ್ಚಿನ ಹಿಂದೆ ಬಿದ್ದರೆ ಟ್ರೈಲರ್ ಅತ್ತಿತ್ತ ತೊನೆದಾಡುತ್ತದೆ. ಬ್ರೇಕ್ ಹಾಕಿದಾಗ, ತನಗೆ ಬ್ರೇಕ್ ಇಲ್ಲದ ಟ್ರೈಲರ್ ಬೈಕನ್ನು ಹಿಂದಿನಿಂದ ನೂಕುತ್ತದೆ.

ಈ ವಿಷಯದಲ್ಲಿ ಬ್ರಿಟನ್ನಿನ ನಿಯಮಗಳು ಗಮನಾರ್ಹ. ಅಲ್ಲಿ 125 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಬೈಕ್ ಮಾತ್ರ ಟ್ರೈಲರ್ ಎಳೆಯಬಹುದು. ಟ್ರೈಲರಿನ ಅಗಲ 1 ಮೀಟರ್ ಮೀರಬಾರದು. ಸರಕು ಸೇರಿದ ಒಟ್ಟು ತೂಕ 150 ಕಿಲೋ ಅಥವಾ ಬೈಕಿನ ತೂಕದ ಮೂರನೇ ಎರಡು ಭಾಗ, ಇವೆರಡರಲ್ಲಿ ಕಡಿಮೆಯಾದುದನ್ನು ದಾಟುವಂತಿಲ್ಲ. ಬೈಕ್ ಮತ್ತು ಟ್ರೈಲರ್ ಎರಡರ ಮೇಲೂ ತೂಕವನ್ನು ನಮೂದಿಸಿರಬೇಕು.

ಇದೇ ಅಳತೆಯನ್ನು ಇಲ್ಲಿಯ 100 ಸಿ.ಸಿ. ಬೈಕಿಗೆ ಹಿಡಿದು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಎಂಜಿನ್ನಿನ ಮಿತಿಯಲ್ಲೇ ಅದು ಅನರ್ಹ. ಆ ಮಿತಿಯನ್ನು ಬದಿಗಿಟ್ಟರೂ, 110 ಕಿಲೋ ತೂಕದ ಬೈಕ್ ಎಳೆಯಬಹುದಾದದ್ದು ಸುಮಾರು 73 ಕಿಲೋ. ಟ್ರೈಲರಿನದೇ 30 ಕಿಲೋ ಕಳೆದರೆ ಸರಕಿಗೆ ಉಳಿಯುವುದು 43 ಕಿಲೋ. 50 ಕಿಲೋದ ಒಂದು ಸಿಮೆಂಟ್ ಚೀಲಕ್ಕೂ ಅದು ಸಾಲದು.

ಹಗುರ ಸರಕಿಗೆ ಬೇರೆ ದಾರಿಯಿದೆ. ಬೈಕಿಗೆ 550 ಮಿ.ಮೀ. ಉದ್ದ, 510 ಮಿ.ಮೀ. ಅಗಲ, 500 ಮಿ.ಮೀ. ಎತ್ತರ ಮೀರದ ಹಗುರ ಪೆಟ್ಟಿಗೆ ಅಳವಡಿಸಲು 2020ರಲ್ಲಿ ಕೇಂದ್ರ ಸರ್ಕಾರ ನಿಯಮ ರೂಪಿಸಿತು. ಅದು ಹಿಂಬದಿ ಸವಾರನ ಜಾಗದಲ್ಲಿದ್ದರೆ ಚಾಲಕನೊಬ್ಬನಿಗೆ ಮಾತ್ರ ಅವಕಾಶ. ಅದಕ್ಕೂ ಮೀರಿದ ಭಾರಕ್ಕೆ ಗೂಡ್ಸ್ ಆಟೋವನ್ನು ಬಾಡಿಗೆಗೆ ಹಿಡಿಯುವುದೇ ವಿವೇಕ. ಒಂದೇ ಬೀದಿಯ ನಾಲ್ಕಾರು ವ್ಯಾಪಾರಿಗಳು ಸೇರಿ ಹಿಡಿದರೆ ಖರ್ಚೂ ಹಂಚಿಹೋಗುತ್ತದೆ.

ವಾಣಿಜ್ಯ ಸಂಸ್ಥೆಗಳ ಕರ್ತವ್ಯವೂ ಇಲ್ಲಿದೆ. ಯಾವ ಜೋಡಣೆಗೆ ಮಾನ್ಯತೆಯಿದೆ, ತೂಕದ ಮಿತಿ ಎಷ್ಟು, ವಿಮೆ ಹೇಗೆ ಎಂಬುದನ್ನು ಸಾರಿಗೆ ಇಲಾಖೆಯಿಂದ ಲಿಖಿತವಾಗಿ ಪಡೆದು, ಸರಳ ಕನ್ನಡದಲ್ಲಿ ಸದಸ್ಯರಿಗೂ ತಯಾರಕರಿಗೂ ತಲುಪಿಸಬೇಕು. ವ್ಯಾಪಾರಿ ನಿಯಮ ಮುರಿಯಲೆಂದೇ ಟ್ರೈಲರ್ ಕಟ್ಟುವುದಿಲ್ಲ. ಕೊಂಡ ಸರಕನ್ನು ಸಾಗಿಸಲು ಕಟ್ಟುತ್ತಾನೆ. ನಿಯಮದ ಅರಿವು ಅವನಿಗೆ ಅಪಘಾತಕ್ಕೆ ಮುನ್ನ ದೊರೆಯಬೇಕು, ನ್ಯಾಯಾಲಯದ ನೋಟಿಸಿನೊಂದಿಗಲ್ಲ.