ಕೀಲಿ ತಿರುಗಿಸಲು ಮರೆತರೆ

ನಮ್ಮ ಮಕ್ಕಳು ಗಲ್ಫಿನ ಕಾರ್ಖಾನೆಗಳಿಗೂ ದುಡಿಯಲು ಹೋಗುತ್ತಾರೆ. ಅಲ್ಲಿ ಒತ್ತಡ, ಶಾಖ ಮಿತಿಮೀರಿದರೆ ಕೆಲಸ ನಿಲ್ಲಿಸುವ ಸುರಕ್ಷತಾ ಪೆಟ್ಟಿಗೆಯಿರುತ್ತದೆ. ಹೊರಗಿನ ಕಂಪ್ಯೂಟರಿನ ಆಜ್ಞೆ ಅದಕ್ಕೆ ತಲುಪುವುದು ಒಂದು ಸಂಪರ್ಕ ಕಾರ್ಡಿನ ಮೂಲಕ. ಹಳೆಯ ಎಷ್ಟೋ ಕಾರ್ಡುಗಳು ಆಜ್ಞೆ ಕೊಟ್ಟವರು ಯಾರೆಂದು ಕೇಳುವುದಿಲ್ಲ.

2017ರಲ್ಲಿ ಸೌದಿ ಅರೇಬಿಯದ ಪೆಟ್ರೋಕೆಮಿಕಲ್ ಕಾರ್ಖಾನೆಯೊಂದರಲ್ಲಿ ದುಷ್ಕರ್ಮಿಗಳು ಟ್ರೈಕಾನೆಕ್ಸ್ ಸುರಕ್ಷತಾ ಪೆಟ್ಟಿಗೆಯೊಳಗೆ ನುಗ್ಗಿದರು. ಹೊಸ ಆಜ್ಞೆಗಳನ್ನು ತಡೆಯುವ ಕೀಲಿಯನ್ನು ‘ಪ್ರೋಗ್ರಾಂ’ ಕಡೆಗೇ ಬಿಡಲಾಗಿತ್ತು. ಅವರ ಲೆಕ್ಕ ತಪ್ಪಿ ಕಾರ್ಖಾನೆ ತಾನಾಗಿ ನಿಂತದ್ದರಿಂದ ಅನಾಹುತ ತಪ್ಪಿತು.

ಹಳೆಯದಾಗಿರುವುದು ತಪ್ಪಲ್ಲ, ನೋಡಿಕೊಳ್ಳದಿರುವುದು ತಪ್ಪು. ಕೆಲಸ ಮುಗಿದೊಡನೆ ಕೀಲಿ ತಿರುಗಿಸಲಿ, ಬದಲಿ ಕಾರ್ಡು ತಂದಿಡಲಿ. “ಓಡುತ್ತಿದೆಯಲ್ಲ” ಎಂದು ಯಜಮಾನರು ಉಳಿಸುವ ಹಣಕ್ಕೆ ಪ್ರಾಣ ತೆರುವವರು ದುಡಿಯುವವರೇ. ಆದುದರಿಂದ ಕೇಳುವ ಹಕ್ಕೂ ಅವರದೇ.