ವಿಷಾದರೋಗವೂ ಉಮ್ಮತ್ತದ ಸತ್ತ್ವವೂ



ಮನೆಯಲ್ಲೊಬ್ಬರು ವಾರಗಟ್ಟಲೆ ಮಂಕಾಗಿ ಕುಳಿತು ಊಟನಿದ್ರೆಗಳನ್ನು ತೊರೆದರೆ, "ಮನಸ್ಸನ್ನು ಗಟ್ಟಿಮಾಡಿಕೊಳ್ಳಿರಿ" ಎಂದು ಉಪದೇಶಿಸುವುದು ನಮ್ಮಲ್ಲಿ ವಾಡಿಕೆ. ಉಪದೇಶವು ಸದುದ್ದೇಶದ್ದೇ ಸರಿ. ಆದರೆ ಖಿನ್ನತೆಯೆಂಬ ವ್ಯಾಧಿಯಲ್ಲಿ ಮೆದುಳಿನ ವ್ಯಾಪಾರವೇ ವ್ಯತ್ಯಾಸಗೊಂಡಿರುವುದುಂಟು. ಅದರ ಒಂದು ಮುಖವನ್ನು ಈ ತಿಂಗಳು ವಿಚಾರಿಸೋಣ.

ನರಗಳು ಒಂದಕ್ಕೊಂದು ಸಂದೇಶವನ್ನು ಮುಟ್ಟಿಸುವುದು ಬಹುಮಟ್ಟಿಗೆ ರಸವಿಶೇಷಗಳ ಮೂಲಕ. 1921ರಲ್ಲಿ ಆಸ್ಟ್ರಿಯದ ಗ್ರಾಜ್ ನಗರದಲ್ಲಿ ಆಟೊ ಲೋವಿ ಎಂಬ ವಿದ್ವಾಂಸನು ಕಪ್ಪೆಯೊಂದರ ಹೃದಯದ ನರವನ್ನು ಕೆರಳಿಸಿ ಅದರ ಬಡಿತವನ್ನು ನಿಧಾನಗೊಳಿಸಿದನು. ಆ ಹೃದಯದೊಳಗಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಎರೆಯಲು, ಅದೂ ನಿಧಾನವಾಯಿತು! ದ್ರವದಲ್ಲಿ ಅಡಗಿದ್ದ ದೂತನೇ ಅಸಿಟೈಲ್‌ಕೋಲೀನ್. ಲೋವಿಗೂ ಇಂಗ್ಲೆಂಡಿನ ಹೆನ್ರಿ ಡೇಲನಿಗೂ 1936ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಮೆದುಳಿನಲ್ಲಿ ಈ ದೂತನು ಅವಧಾನಕ್ಕೂ ಸ್ಮರಣೆಗೂ ಸಹಾಯಕನು.

ಆದರೆ ಅತಿಯಾದರೆ ಅಮೃತವೂ ವಿಷವಷ್ಟೆ. ಈ ರಸವು ಬೇಗನೆ ಕರಗಿಹೋಗದಂತೆ ತಡೆಯುವ ಔಷಧವನ್ನು ಉನ್ಮಾದರೋಗಿಗಳಿಗೆ ಕೊಟ್ಟಾಗ, ಉನ್ಮಾದವು ಸ್ವಲ್ಪಕಾಲ ಇಳಿದು, ಕೆಲವರಲ್ಲಿ ವಿಷಾದವು ತಲೆದೋರಿತು. ಇದನ್ನು ಕಂಡ ಅಮೆರಿಕದ ಡೇವಿಡ್ ಜಾನೋವ್ಸ್ಕಿಯೂ ಸಂಗಡಿಗರೂ, ಈ ರಸದ ಪ್ರಾಬಲ್ಯವು ಖಿನ್ನತೆಗೆ ಒಂದು ಕಾರಣವಾಗಿರಬಹುದೆಂದು 1972ರಲ್ಲಿ ವಾದಿಸಿದರು.

ಹಾಗಾದರೆ ದೂತನನ್ನು ತಡೆದರೆ ಗುಣವುಂಟೆ? ತಡೆಯುವ ವಸ್ತುವು ನಮ್ಮ ಬೇಲಿಯ ಪಕ್ಕದಲ್ಲೇ ಬೆಳೆಯುವ ಉಮ್ಮತ್ತದಲ್ಲಿದೆ. ಸಂಸ್ಕೃತದ 'ಉನ್ಮತ್ತ' ಶಬ್ದವೇ ಕನ್ನಡದಲ್ಲಿ 'ಉಮ್ಮತ್ತ'ವಾಯಿತು. ತಿಂದವನ ಗತಿಯನ್ನು ಹೆಸರೇ ಸಾರುತ್ತದೆ. ಆ ಗಿಡದಲ್ಲಿರುವ ಸ್ಕೊಪಾಲಮೀನ್ ಎಂಬ ಸತ್ತ್ವವನ್ನು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮೋರಾ ಫ್ಯೂರಿ ಮತ್ತು ವೇನ್ ಡ್ರೆವೆಟ್ಸ್ ಎಂಬವರು ಖಿನ್ನರೋಗಿಗಳಿಗೆ ರಕ್ತನಾಳದ ಮೂಲಕ ಕೊಟ್ಟು ನೋಡಿದರು. ಪ್ರಮಾಣವು ದೇಹತೂಕದ ಕಿಲೋಗ್ರಾಮಿಗೆ 4 ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತುಲಕ್ಷದಲ್ಲಿ ನಾಲ್ಕೇ ಪಾಲು! ವಾಡಿಕೆಯ ಔಷಧಗಳಿಗೆ ವಾರಗಳು ಬೇಕಾದಲ್ಲಿ, ಮೂರರಿಂದ ಐದು ದಿನಗಳೊಳಗೆ ಗುಣವು ಕಂಡುಬಂದಿತೆಂದು 2006ರಲ್ಲಿ ಪ್ರಕಟಿಸಿದರು. ಆದರೆ ತರುವಾಯದ ಕೆಲವು ಪರೀಕ್ಷೆಗಳಲ್ಲಿ ಹುಸಿಮದ್ದಿಗಿಂತ ಹೆಚ್ಚಿನ ಫಲವು ಕಾಣಲಿಲ್ಲ. ಆದುದರಿಂದ ಇದಿನ್ನೂ ಸಿದ್ಧಚಿಕಿತ್ಸೆಯಲ್ಲ.

ಗೃಹಸ್ಥರು ಇದರಿಂದ ಗ್ರಹಿಸತಕ್ಕ ವಿಷಯಗಳು ಎರಡು. ಮೊದಲನೆಯದು: ಉಮ್ಮತ್ತದ ಎಲೆ, ಬೀಜಗಳನ್ನು ಮನೆಮದ್ದೆಂದು ಎಂದಿಗೂ ಮುಟ್ಟಲಾಗದು. ಗಿಡದಿಂದ ಗಿಡಕ್ಕೆ ಸತ್ತ್ವದ ಪ್ರಮಾಣವು ಬೇರೆ. ಭ್ರಾಂತಿಯೂ ಮರಣವೂ ಸಂಭವಿಸಬಹುದು. ಎರಡನೆಯದು: ಖಿನ್ನತೆಗೆ ವೈದ್ಯರು ಕೊಡುವ ಇಮಿಪ್ರಮೀನ್, ಅಮಿಟ್ರಿಪ್ಟಿಲೀನ್ ಮುಂತಾದ ಹಳೆಯ ಗುಳಿಗೆಗಳೂ ಈ ದೂತನನ್ನು ತಡೆಯುವುವು. ಬಾಯಿ ಒಣಗುವುದು, ಮಲಬದ್ಧತೆ, ವೃದ್ಧರಲ್ಲಿ ಮರೆವು, ಗಲಿಬಿಲಿ ಇವು ಅದರ ಲಕ್ಷಣಗಳಾಗಿರಬಹುದು. ಇವನ್ನು ಕಂಡು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು, ಮುಚ್ಚಿಡಲೂ ಬಾರದು, ವೈದ್ಯರಿಗೆ ತಿಳಿಸಬೇಕು. ಬದಲು ಔಷಧಗಳು ಇಂದು ಅನೇಕವಿವೆ.

ಜ್ವರ ಬಂದವನನ್ನು ನಾವು ಹಳಿಯುವುದಿಲ್ಲ. ಮನಸ್ಸು ಕುಗ್ಗಿದವನಿಗೂ ಅದೇ ನ್ಯಾಯವು ಸಲ್ಲತಕ್ಕದ್ದು.